ಅಭಕ್ಷ್ಯ ಭಕ್ಷ್ಯಶಿಲ್ಪ: ಆರಂಭಿಕರಿಗೊಂದು ತಾತ್ವಿಕ ಪ್ರವೇಶಿಕೆ

ಪ್ರಸ್ತುತ ಪ್ರಬಂಧವು ತಿನ್ನಲು ಬಾರದ ತಿನಿಸನ್ನು ಕೈಯಾರೆ ರೂಪಿಸುವ ಕ್ರಿಯೆಯನ್ನು ಬಹುಶಿಸ್ತೀಯ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗುತ್ತದೆ. ಅಧ್ಯಯನದ ಭೌಗೋಳಿಕ ವ್ಯಾಪ್ತಿ: 2014ರ ನವೆಂಬರ್ 1ರ ನಂತರದ ವಿಜಯಪುರ ನಗರ (ಅದಕ್ಕೂ ಹಿಂದಿನ ಬಿಜಾಪುರವನ್ನು ಹಿರಿಯ ವಿದ್ವಾಂಸರು ಆಗಲೇ ಹಂಚಿಕೊಂಡಿದ್ದಾರೆ), ಹಾಗೂ 2018ರಲ್ಲಿ ತಾಲ್ಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರ. ಅಧ್ಯಯನದ ಪರಿಮಿತಿ: ಪ್ರಬಂಧಕಾರರ ಸಹನೆ.

ಭಕ್ಷ್ಯಶಿಲ್ಪವನ್ನು ಸ್ಥೂಲವಾಗಿ ಐದು ವರ್ಗಗಳಲ್ಲಿ ಪರಿಭಾವಿಸಬಹುದು.

ಮೊದಲನೆಯದು ಮೃಣ್ಮಯ-ಭೋಜ್ಯ-ಸಂಕಥನ, ಅಂದರೆ ಮಣ್ಣಿನ ದ್ರಾಕ್ಷಿ. ಮಣ್ಣನ್ನು ಉಂಡೆಗಟ್ಟುವಾಗ ಕರ್ತೃವಿನ ಅಂಗೈಗೂ ದ್ರವ್ಯಕ್ಕೂ ನಡುವೆ ಒಂದು ವಾಗ್ವಾದ ಏರ್ಪಡುತ್ತದೆ. ಎರೆಮಣ್ಣಾದರೆ ವಾಗ್ವಾದ ಜಗಳಕ್ಕೆ ತಿರುಗುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗುತ್ತ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಾಯಿ ಬಿಡುವ ಮಣ್ಣು ಒಂದು ದ್ರಾಕ್ಷಿಗೆ ರಿಯಾಯಿತಿ ಕೊಟ್ಟೀತೆ? ಸ್ವಲ್ಪ ಸಗಣಿ, ಸಣ್ಣಗಿನ ಹೊಟ್ಟು ಸೇರಿಸಿ ಚೆನ್ನಾಗಿ ನಾದಿ, ನೆರಳಲ್ಲಿ ನಿಧಾನವಾಗಿ ಒಣಗಿಸಿದರೆ ಬಿರುಕು ಕಡಿಮೆ. (ಈ ವಾಕ್ಯ ಮಾತ್ರ ಆರಂಭಿಕರಿಗೆ, ಉಳಿದದ್ದೆಲ್ಲ ಪಿಎಚ್‌.ಡಿ.ಗೆ.) ತಿಕೋಟಾ ಸೀಮೆಯಲ್ಲಿ ನಿಜವಾದ ದ್ರಾಕ್ಷಿಯನ್ನು ಪೊಟ್ಯಾಶಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಆಯಿಲ್ ಬೆರೆತ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಎರಡು ವಾರ ಹರವುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಮಣೂಕ. ಇದನ್ನು ಸಂಶೋಧಕರು ರೂಪಾಂತರದ ಮೀಮಾಂಸೆ ಎಂದು ಗುರುತಿಸುತ್ತಾರೆ. ರೈತ ಈ ಸಲ ದರ ಎಷ್ಟು ಅಂತ ಕೇಳುತ್ತಾನೆ.

ಎರಡನೆಯದು ತೃಣದಂಡ-ರಚನಾವಾದ. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದರೆ ಇಡ್ಲಿ, ಉದ್ದಕ್ಕೆ ಸೀಳಿದರೆ ಶಾವಿಗೆ. ಸುಲಿದ ಸಿಪ್ಪೆಯ ಸಿಬಿರನ್ನೇ ಚುಚ್ಚಿ ಜೋಡಿಸಬೇಕು, ಅಂಟು ಬೇಡ. ಬಬಲೇಶ್ವರದ ಕಡೆ ಹೊಲದ ಬದುವಿನ ಮೇಲೆ ಕೂತ ಹುಡುಗರು ಇದರಲ್ಲಿ ಗಾಡಿ ಮಾಡುತ್ತಿದ್ದರು. ಅವರಿಗೆ ರಚನಾವಾದ ಗೊತ್ತಿರಲಿಲ್ಲವಾದ್ದರಿಂದ ಗಾಲಿ ತಿರುಗುತ್ತಿತ್ತು.

ಮೂರನೆಯದು ಶರ್ಕರಾ-ವಿಪರ್ಯಯ. ಗೌರಿ ಹುಣ್ಣಿಮೆ ಬಂದರೆ, ನೆನೆಸಿದ ಕಟ್ಟಿಗೆಯ ಅಚ್ಚಿನ ಹೋಳುಗಳನ್ನು ಬಿಗಿದು ಕಟ್ಟಿ, ಕುದಿಯುವ ಸಕ್ಕರೆ ಪಾಕ ಸುರಿಯುತ್ತಾರೆ. ಆನೆ, ಒಂಟೆ, ತೇರು, ನವಿಲು ಹೊರಗೆ ಬರುತ್ತವೆ. ಹುಡುಗಿಯರು ಸಕ್ಕರಿ ಆರತಿ ಬೆಳಗಿ, ಆಮೇಲೆ ಒಂಟೆಯ ಕುತ್ತಿಗೆ ಮುರಿದು ತಿನ್ನುತ್ತಾರೆ. ಇಲ್ಲಿ ಶಿಲ್ಪವೇ ತಿನಿಸಾಗಿರುವುದರಿಂದ ನಮ್ಮ ಪರಿಕಲ್ಪನಾತ್ಮಕ ಚೌಕಟ್ಟು ಕುಸಿಯುತ್ತದೆ. ಕುಸಿಯಲಿ.

ನಾಲ್ಕನೆಯದಕ್ಕೂ ಐದನೆಯದಕ್ಕೂ ಸಂಸ್ಕೃತದ ಹೆಸರು ಹುಡುಕಿಟ್ಟಿದ್ದೆ. ಬೇಡ. ಗೋಳಗುಮ್ಮಟದಲ್ಲಿ ಒಂದು ಮಾತು ಏಳು ಸಲ ಮರಳಿ ಕೇಳಿಸಬೇಕಾದರೆ ಸುಮಾರು 44 ಮೀಟರು ಅಗಲದ ಗುಮ್ಮಟ ಬೇಕಾಯಿತು. ನಮ್ಮ ವಿಚಾರ ಸಂಕಿರಣಕ್ಕೆ ಒಂದು ಮೈಕು, ಒಂದು ಬ್ಯಾನರು ಸಾಕು. ಬೆಳಿಗ್ಗೆ ಒಬ್ಬರು ‘ಅನನ್ಯತೆ’ ಅಂದರೆ ಸಂಜೆ ಚಹಾದ ತನಕ ಅನನ್ಯತೆಯೇ.

ನಗರದ ಶಾಲೆಯೊಂದರಲ್ಲಿ ನಮ್ಮ ಓಣಿಯ ಹುಡುಗಿಗೆ ‘ನನ್ನ ಮೆಚ್ಚಿನ ಊಟ’ ಅಂತ ಪ್ರಾಜೆಕ್ಟ್ ಕೊಟ್ಟರು. ಜೊತೆಗೆ ಕಿಟ್ ಕೊಳ್ಳಬೇಕು: ಬಣ್ಣಬಣ್ಣದ ಜೇಡಿ, ಥರ್ಮಾಕೋಲಿನ ತಟ್ಟೆ, ನೋಡಿ ಮಾಡಲಿಕ್ಕೆ ಪಿಜ್ಜಾ, ಬರ್ಗರ್, ಡೋನಟ್ಟಿನ ಚಿತ್ರ. ಅವಳು ಆ ಚಿತ್ರ ಬದಿಗಿಟ್ಟು ಖಡಕ್ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಮಾಡಿದಳು. ರೊಟ್ಟಿಯ ಅಂಚು ಅಲ್ಲಲ್ಲಿ ಸೀಳಿದ್ದನ್ನೂ, ಹೆಂಚಿನ ಕರಿ ಚುಕ್ಕಿಗಳನ್ನೂ ಬಿಟ್ಟಿರಲಿಲ್ಲ. ‘ಬಣ್ಣ ಸಾಲದು’ ಅಂತ ಅಂಕ ಕಡಿತ. ಅವಳ ಅವ್ವ ಮಾರಲಿಕ್ಕೆ ರೊಟ್ಟಿ ಬಡಿಯುವಾಕಿ. ಕೇಳಿದಳು: “ಮೇಡಂ, ರೊಟ್ಟಿ ರೊಟ್ಟಿ ಬಣ್ಣಾನ ಇರತೈತಿ ಅಲ್ರೀ?” ಉತ್ತರ ಬರಲಿಲ್ಲ. ಅದೇ ಶಾಲೆಯ ಗೋಡೆಗೆ ‘ಸ್ಥಳೀಯ ಜ್ಞಾನಪರಂಪರೆಗಳ ಮರುಶೋಧ’ ಎಂಬ ಬ್ಯಾನರ್ ನೇತಾಡುತ್ತಿತ್ತು.

ಯಾರು ಕಳಕೊಂಡಿದ್ದರ್ರೀ, ಮರುಶೋಧ ಮಾಡೂದಕ್ಕ? ಕಾರಹುಣ್ಣಿವಿಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಕೂಸುಗಳೂ ಮಣ್ಣಿನ ಎತ್ತು ಮಾಡುತ್ತಿದ್ದವು, ಅದರ ಮುಂದೆ ಮಣ್ಣಿನದೇ ಗ್ವಾದಲಿ. ಆಷಾಢದ ಮಂಗಳವಾರ ಗುಳ್ಳವ್ವ: ಹುಡುಗಿಯರು ಮಣ್ಣು ಮೆತ್ತಿ, ಜೋಳ, ಕುಸುಬಿ, ಗುಲಗಂಜಿ ಚುಚ್ಚಿ, ಎಲ್ಲರೂ ಕೂಡಿ ಬುತ್ತಿ ಉಣ್ಣುತ್ತಿದ್ದರು. ಅದಕ್ಕೆ ಯಾರೂ ಅಂಕ ಕೊಡಲಿಲ್ಲ, ಕಡಿತವನ್ನೂ ಮಾಡಲಿಲ್ಲ. ಈಗ ಮಣ್ಣಿಗೂ ರೊಕ್ಕ ಕೊಡಬೇಕು. ಆ ಮಣ್ಣಿನಿಂದ ಮಾಡಬೇಕಾದದ್ದು ಆ ಮನೆಯ ಒಲೆ ಕಂಡಿರದ ಪಿಜ್ಜಾ. ಕೆಲಸ ಹುಡುಕಿ ಗೋವಾಕ್ಕೆ ಗುಳೆ ಹೋದವರ ಮಕ್ಕಳು ಅಜ್ಜಿಯ ಬೆನ್ನು ಹತ್ತಿ ಕಿಟ್ಟಿಗೆ ದುಡ್ಡು ಕೇಳುತ್ತವೆ. ಈ ವರ್ಗಕ್ಕೆ ನನ್ನಲ್ಲಿ ಹೆಸರಿಲ್ಲ.

ಇನ್ನು ಪ್ರಾಯೋಗಿಕ ಭಾಗ: ಕಾಗದದ ರೊಟ್ಟಿ. ಹಳೆಯ ಕಾಗದ ಹರಿದು ನೆನೆಹಾಕಿ, ರುಬ್ಬಿ, ನೀರು ಹಿಂಡಿ, ಮೆಂತ್ಯದ ಹಿಟ್ಟು ಕಲಸಿರಿ; ಅಜ್ಜಿಯರು ಕಾಗದದ ಬುಟ್ಟಿ ಮಾಡುತ್ತಿದ್ದದ್ದು ಇದೇ ಹದದಲ್ಲಿ. ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ತಟ್ಟಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಚಹಾದ ಕಡು ಡಿಕಾಕ್ಷನ್ನಿನಿಂದ ಚುಕ್ಕಿ ಇಡಬೇಕು. ಅಂಚು ಸೀಳಿದರೆ ತಿದ್ದಬೇಡಿ. ಕಾಗದಕ್ಕೆ ವಿಚಾರ ಸಂಕಿರಣದ ಪ್ರಮಾಣಪತ್ರಗಳು ಅನುಕೂಲ, ಎಲ್ಲರ ಮನೆಯಲ್ಲೂ ಬೇಕಾದಷ್ಟಿವೆ. ದಪ್ಪ ಕಾಗದವಾದ್ದರಿಂದ ಎರಡು ರಾತ್ರಿ ನೆನೆಯಬೇಕು. ಲ್ಯಾಮಿನೇಶನ್ ಮಾಡಿಸಿದ್ದರೆ ಅದನ್ನು ಮೊದಲೇ ಕಿತ್ತುಹಾಕಿ. ಅದು ಎಷ್ಟು ರುಬ್ಬಿದರೂ ನುರಿಯುವುದಿಲ್ಲ.