ಬಂಧುಪ್ರೇರಣಾ ಮೀಮಾಂಸೆ: ಕಂಪಲಾಪುರ ಶಾಖೆ

ಮನುಷ್ಯ ಗುರಿಯನ್ನೇಕೆ ಬೆನ್ನಟ್ಟುತ್ತಾನೆ ಎಂಬುದಕ್ಕೆ ಅವನ ಮನಸ್ಸಿನೊಳಗೆ ಕಾರಣ ಹುಡುಕಿದ ಪಂಡಿತರೆಲ್ಲ ದಾರಿ ತಪ್ಪಿದ್ದಾರೆ. ಕಾರಣ ಪಕ್ಕದ ಹೊಲದಲ್ಲಿದೆ. ಹೊಲ ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಲ್ಲಿದೆ.

ಸೂತ್ರ 1: ದಾಯಾದಿಯೇ ದಾರಿದೀಪ.

ಭಾಷ್ಯ: ಸೈಕಲ್ ಸವಾರನ ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಅವನು ಜೋರಾಗಿ ತುಳಿಯುತ್ತಾನೆಂದು 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಬರೆದ. ಪಾಪ, ಅವನು ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆ ಕಂಡವನಲ್ಲ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಎಲೆ ಹಳದಿಗೆ ತಿರುಗಬೇಕು, ಕೊನೆಗೆ ನಡುನರ ಒಣಗಲು 160 ಮುಟ್ಟಬೇಕು. ನಡುವೆ ತೂಕಡಿಸಿದರೆ ಬಣ್ಣ ಕೆಟ್ಟಿತು. ಸರಿರಾತ್ರಿಯಲ್ಲಿ ರೆಪ್ಪೆ ಕೂಡುವ ಹೊತ್ತಿಗೆ ಬದುವಿನಾಚೆ ತಮ್ಮನ ಬ್ಯಾರನ್ನಿನ ಒಲೆ ಇನ್ನೂ ಉರಿಯುತ್ತಿರುವುದು ಕಾಣುತ್ತದೆ. ಅಣ್ಣ ಎದ್ದು ಇನ್ನೊಂದು ಸೌದೆ ಒಟ್ಟುತ್ತಾನೆ.

ಸೂತ್ರ 2: ಹೆಂಡತಿ ಶಿಲ್ಪಿ, ಗಂಡ ಕಲ್ಲು.

ಭಾಷ್ಯ: ಸಂಗಾತಿಯೇ ನಮ್ಮ ಆದರ್ಶ ರೂಪವನ್ನು ಕಡೆದು ಹೊರತೆಗೆಯುತ್ತಾರೆಂದು 1999ರಲ್ಲಿ ಡ್ರಿಗೋಟಾಸ್, ರಸ್ಬಲ್ಟ್ ಮೊದಲಾದವರು ಸಾಧಿಸಿ, ಅದಕ್ಕೆ ಮೈಕೆಲಾಂಜೆಲೊನ ಹೆಸರಿಟ್ಟರು. ನಮ್ಮಲ್ಲಿ ಉಳಿ ಸುತ್ತಿಗೆ ಬೇಕಿಲ್ಲ. ಒಣಸೊಪ್ಪು ಗ್ರೇಡ್ ಮಾಡುತ್ತಾ ಕೂತವಳು ತಲೆಯೆತ್ತದೆ, "ನಿಮ್ ತಮ್ಮನ ಸೊಪ್ಪೆಲ್ಲ ಬ್ರೈಟ್‌ಗೆ ಹೋಯ್ತಂತೆ" ಅನ್ನುತ್ತಾಳೆ. ಉಳಿದ ಕೆತ್ತನೆಯನ್ನು ಕಲ್ಲೇ ಮಾಡಿಕೊಳ್ಳುತ್ತದೆ.

ಪೂರ್ವಪಕ್ಷ: ದರ ಕೂಗುವವರು ಕಂಪನಿಯವರು, ಹರಾಜು ನಡೆಸುವುದು 1976ರಲ್ಲಿ ಹುಟ್ಟಿದ ತಂಬಾಕು ಮಂಡಳಿ. ನೆಂಟರಿಗೇನು ಕೆಲಸ?

ಸಿದ್ಧಾಂತ: ಮಾರುಕಟ್ಟೆಯಲ್ಲಿ ಆಗುವುದು ಸೊಪ್ಪಿನ ದರ. ಬೆಳೆದವನ ದರ ಆಗುವುದು ಸಂಜೆ ಬಾಮೈದನ ಫೋನಿನಲ್ಲಿ: "ಏನ್ ಬಾವ, ಕೆ.ಜಿ.ಗೆ ಎಷ್ಟ್ ಬಿತ್ತು?" ಬಾವ ಹತ್ತಿಪ್ಪತ್ತು ರೂಪಾಯಿ ಸೇರಿಸಿಯೇ ಹೇಳುತ್ತಾನೆ. ಆ ಸುಳ್ಳೇ ಮುಂದಿನ ವರ್ಷದ ಗುರಿ. ಗುರಿ ಎಲ್ಲಿಂದ ಹುಟ್ಟುತ್ತದೆ ಎಂಬ ಜಟಿಲ ಪ್ರಶ್ನೆ ಹೀಗೆ ಒಂದು ಮಿಸ್ಡ್ ಕಾಲ್ ಖರ್ಚಿನಲ್ಲಿ ಬಗೆಹರಿಯಿತು.

ಪ್ರೀತಿಗೆ ಇಲ್ಲಿ ಜಾಗವೇ ಇಲ್ಲವೇ ಎಂದು ಆಕ್ಷೇಪಿಸುವವರಿಗಾಗಿ ಒಂದು ಅಪವಾದ. ಬೀಡಿ ಕಟ್ಟಿನ ಶೇ 85ರಷ್ಟು ಜಾಗ ತುಂಬಿದ ಭಯಂಕರ ಚಿತ್ರಕ್ಕೆ ಜಗ್ಗದ ಅಪ್ಪ, ಊಟಕ್ಕೆ ಕೂತಾಗ ಮಗಳು ಮೂಗು ಮುಚ್ಚಿಕೊಂಡು ತಟ್ಟೆ ಆಚೆ ಎಳೆದುಕೊಂಡದ್ದಕ್ಕೆ ಬೀಡಿ ಬಿಡುತ್ತಾನೆ. ಹೊಗೆಸೊಪ್ಪು ಬೆಳೆಯುವುದನ್ನು ಮಾತ್ರ ಬಿಡುವುದಿಲ್ಲ; ತಮ್ಮ ಬಿಟ್ಟಿಲ್ಲವಲ್ಲ.

ಮುಂದಿನ ಸಂಶೋಧಕರು ಹರಾಜು ಶುರುವಾದ ಮೇಲೆ ಬರಬೇಕಾಗಿ ವಿನಂತಿ. ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಿ ದರ ಕೇಳಬೇಡಿ. ಇಬ್ಬರಿಗೂ ಒಂದೇ ದರ ಬಿದ್ದಿದ್ದರೂ ನಿಮ್ಮ ಪುಸ್ತಕಕ್ಕೆ ಎರಡು ಸಂಖ್ಯೆ ಸಿಗುತ್ತವೆ.