ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ

ರಿಟೈರಾದ ಬ್ಯಾಂಕ್ ಗುಮಾಸ್ತನ ಕೈಗೆ ಸರ್ಕಾರದ ಮಾರ್ಗಸೂಚಿ ಸಿಗಬಾರದು. ನನಗೆ ಸಿಕ್ಕಿತು. ಕೇಂದ್ರ ಸರ್ಕಾರ 2021ರ ಜುಲೈ 5ರಂದು ಶುರುಮಾಡಿದ ‘ನಿಪುಣ್ ಭಾರತ್’ನಲ್ಲಿ ಮೂರನೇ ತರಗತಿ ಮುಗಿಸುವ ಮಗುವಿಗೆ ಏನೇನು ಬರಬೇಕು ಅಂತ ಪಟ್ಟಿಯೇ ಇದೆ. ನಿಮಿಷಕ್ಕೆ ಕಡೇಪಕ್ಷ 60 ಪದ, ಅದೂ ಅರ್ಥ ತಿಳಿದು ಓದಬೇಕು. 9999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಸಣ್ಣಪುಟ್ಟ ಗುಣಾಕಾರ ಮಾಡಬೇಕು. ಜೀವಮಾನವಿಡೀ ಇನ್ನೊಬ್ಬರ ಲೆಕ್ಕದಲ್ಲಿ ತಪ್ಪು ಹುಡುಕಿ ಸಂಬಳ ತಿಂದವನಿಗೆ ಇಷ್ಟು ಸಾಕು. ಹಿಂದೂಪುರದಲ್ಲಿ ಅಕ್ಕನ ಮೊಮ್ಮಗಳು, ಕಲ್ಯಾಣದುರ್ಗದಲ್ಲಿ ತಂಗಿಯ ಮೊಮ್ಮಗ, ಇಬ್ಬರೂ ಮೂರನೇ ತರಗತಿ. ಯಾರೂ ಕರೆದಿರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಹೊರಟೇಬಿಟ್ಟೆ.

ಹಿಂದೂಪುರದ ಮನೆಯಲ್ಲಿ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುತ್ತದೆ. ಪುಟ್ಟಿ ಕಲಿಯುವುದು ಮಾತ್ರ ಇಂಗ್ಲಿಷಿನಲ್ಲಿ, ಅದೂ ಟೈ ಕಟ್ಟಿಕೊಂಡು ಹೋಗುವ ಶಾಲೆಯಲ್ಲಿ. ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಅವಳು ಫುಲ್‌ಸ್ಟಾಪು, ಕಾಮಾ ಯಾವುದನ್ನೂ ಮಾತಾಡಿಸದೆ ಒಂದು ಕಾಗೆಯ ಕತೆಯನ್ನು ಒಂದೇ ಉಸಿರಿಗೆ ಓದಿ ಪುಸ್ತಕ ಮುಚ್ಚಿದಳು. ಸರ್ಕಾರ ಕೇಳಿದ 60 ಎಲ್ಲೋ ಹಿಂದೆ ಉಳಿದಿತ್ತು. ಅಕ್ಕನ ಅಳಿಯ ಮೀಸೆಯ ಮೇಲೆ ಕೈಯಾಡಿಸಿ, “ಸ್ಪೀಡ್ ನೋಡಿದ್ರಾ ಮಾವಾ?” ಅಂದ.

“ಸರಿ ಪುಟ್ಟೀ, ಕಾಗೆ ಕೊನೆಗೆ ಏನು ಮಾಡ್ತು?”

“ಅದನ್ನ ಮಿಸ್ ಇನ್ನೂ ಹೇಳಿಕೊಟ್ಟಿಲ್ಲ ತಾತಾ.”

ಅಳಿಯ ಅದಕ್ಕೂ ಹೆಮ್ಮೆಪಟ್ಟ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಫೀಸು ಕಟ್ಟಿದ ರಸೀತಿ ಜೋಪಾನವಾಗಿ ಇಟ್ಟಿರುತ್ತಾರೆ, ಕಾಗೆಯ ಗತಿ ಏನಾಯಿತು ಅಂತ ಒಬ್ಬರೂ ವಿಚಾರಿಸುವುದಿಲ್ಲ. ಕಾಫಿ ಕುಡಿದು ಎದ್ದೆ.

ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವವನು ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗಬೇಕು. ಅಂಗಡಿ ಬೋರ್ಡುಗಳೂ ತೆಲುಗು, ಕನ್ನಡ, ತೆಲುಗು ಅಂತ ಬದಲಾಗುತ್ತವೆ. ಎರಡೂ ಲಿಪಿ ಒಂದೇ ಬೇರಿನವು, ಹಾಗಾಗಿ ಒಂದು ಬಂದವನು ಇನ್ನೊಂದನ್ನು ತಡವರಿಸಿಯಾದರೂ ಓದಬಲ್ಲ. ನಾನೂ ಓದುತ್ತಲೇ ಹೋದೆ. ನಿಮಿಷಕ್ಕೆ ಎಷ್ಟು ಪದ ಅಂತ ಅಳೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ, ದೇವರು ದೊಡ್ಡವನು.

ಕಲ್ಯಾಣದುರ್ಗದಲ್ಲಿ ಮೊಮ್ಮಗ ಪಡಸಾಲೆಯಲ್ಲಿ ಕೂತು ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಲು ಪೆನ್ಸಿಲ್ ಚೂಪು ಮಾಡುತ್ತಿದ್ದ. ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿದೆ.

“ಎರಡರಲ್ಲಿ ಏಳು ಹೋಗಲ್ಲ. ಪಕ್ಕದಲ್ಲಿ ಐದಿದೆ ನೋಡು, ಅದರ ಹತ್ತಿರ ಒಂದು ಸಾಲ ತಗೋ. ಈಗ ಎರಡು ಹನ್ನೆರಡಾಯ್ತು.”

“ಒಂದು ತಗೊಂಡ್ರೆ ಹತ್ತು ಹೆಂಗೆ ಹೆಚ್ಚಾಯ್ತು ತಾತಾ?”

ಕಡಲೆಕಾಯಿ ವ್ಯಾಪಾರದ ಭಾವ ಪೇಪರಿನ ಹಿಂದಿನಿಂದ ತಲೆ ಎತ್ತಿದರು. “ಒಂದು ಕೇಳಿದ್ರೆ ಹತ್ತು ಕೊಡೋ ಬ್ಯಾಂಕು ಯಾವ್ದು? ನಾನೂ ಅರ್ಜಿ ಹಾಕ್ತೀನಿ.”

“ಐದು ಯಾಕೆ ಕೊಡುತ್ತೆ? ಜಾಮೀನು ಯಾರು?” ಅಂದ ಮೊಮ್ಮಗ. ವ್ಯಾಪಾರಸ್ಥರ ಮನೆಯ ಹುಡುಗ, ಕೇಳಬೇಕಾದ್ದೇ. ನಾನು ಬಿಡಲಿಲ್ಲ. ಅವನ ರಫ್ ಪುಸ್ತಕದ ಅಂಚಿನಲ್ಲಿ ಗೆರೆ ಎಳೆದು, ಐದರ ಖಾತೆಗೆ ಖರ್ಚು, ಎರಡರ ಖಾತೆಗೆ ಜಮಾ ಅಂತ ಬರೆದು ಕೆಳಗೆ ಸಹಿ ಹಾಕಿದೆ. ಸಹಿ ಬಿದ್ದ ಮೇಲೆ ಸಾಲ ಮಂಜೂರಾದಂತೆಯೇ.

“ವಾಪಸ್ ಯಾವಾಗ ಕೊಡಬೇಕು?”

“ಕೊಡೋದಿಲ್ಲ.”

ಪಡಸಾಲೆ ಗಪ್‌ಚಿಪ್ಪಾಯಿತು. ತಂಗಿ ಒಳಗಿನಿಂದಲೇ ತೀರ್ಪು ಕೊಟ್ಟಳು: “ವಾಪಸ್ ಕೊಡದಿದ್ರೆ ಅದು ಸಾಲ ಅಲ್ಲಣ್ಣ, ಕಳ್ಳತನ.” ಭಾವ, “ಸಾಲಮನ್ನಾ ಆಗಿರಬೇಕು ಬಿಡೇ, ಎಲೆಕ್ಷನ್ ಹತ್ತಿರ ಬಂತೇನೋ” ಅಂದರು. ಅಷ್ಟರಲ್ಲಿ ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, ಕಣ್ಣರಳಿಸಿ, “ಎವರಿಕಿ ಎಂತ ಇಚ್ಚಾರು?” ಅಂದಳು. ಯಾರಿಗೆ ಎಷ್ಟು ಕೊಟ್ಟರು ಅನ್ನುವ ಪ್ರಶ್ನೆ ಹೊತ್ತು ಮುಳುಗುವುದರೊಳಗೆ ಬೀದಿ ಸುತ್ತಿ ಬಂತು. ಕರೆಯದೆ ಬಂದ ನೆಂಟ ಸಾಲ ಎತ್ತಲು ಬಂದವನೇ ಅಂತ ಊರು ಆಗಲೇ ಬರೆದುಕೊಂಡಿತ್ತು.

ಮೊಮ್ಮಗ ಎದ್ದು ಹೋಗಿ ಚೀಲದಿಂದ ಬೊಗಸೆ ಬೊಗಸೆ ಕಡಲೆಕಾಯಿ ತಂದು ಸುರಿದ. ಎಣಿಸಿ ಹತ್ತತ್ತರ ಐದು ಗುಡ್ಡೆ ಮಾಡಿ, ಪಕ್ಕದಲ್ಲಿ ಬಿಡಿಯಾಗಿ ಎರಡು ಕಾಯಿ ಇಟ್ಟ. ಒಂದು ಗುಡ್ಡೆಯನ್ನು ಅಂಗೈಯಿಂದ ಚದುರಿಸಿ ಆ ಎರಡರ ಜೊತೆ ಸೇರಿಸಿದ. “ಇದು ಸಾಲ ಅಲ್ಲ ತಾತಾ. ಹತ್ತು ರೂಪಾಯಿ ನೋಟಿಗೆ ಚಿಲ್ಲರೆ ತಗೊಂಡಂಗೆ. ನಮ್ಮ ಟೀಚರ್ ಹಿಂಗೇ ಹೇಳಿಕೊಟ್ಟಿದ್ದು.” ಹನ್ನೆರಡರಿಂದ ಏಳು ಕಾಯಿ ಸರಿಸಿದ, ಎರಡು ಗುಡ್ಡೆ ಆಚೆ ನೂಕಿದ. ಉಳಿದದ್ದು ಎರಡು ಗುಡ್ಡೆ, ಐದು ಬಿಡಿ. ಇಪ್ಪತ್ತೈದು.

ನಾನು ತಪಾಸಣೆಗೆ ಮತ್ತೊಮ್ಮೆ ಎಣಿಸಿದೆ. ಇಪ್ಪತ್ತನಾಲ್ಕೇ ಇತ್ತು. ಒಂದು ಕಾಯಿ ಕೊರತೆ ಅಂತ ಆಕ್ಷೇಪ ಎತ್ತಿದೆ. ಸಿಪ್ಪೆ ನನ್ನ ಮುಂದೆಯೇ ಬಿದ್ದಿತ್ತು. ಆ ವಿವರ ವರದಿಗೆ ಸೇರಿಸುವಂಥದ್ದೇನೂ ಅಲ್ಲ.

ತಮಾಷೆ ಇಲ್ಲಿಗೆ ಸಾಕು. ಇದೇ ಕಳೆಯುವ ಲೆಕ್ಕವನ್ನು ಹಿಡಿದು ‘ಅಸರ್’ ಸಮೀಕ್ಷೆಯವರು ದೇಶದ ಹಳ್ಳಿ ಹಳ್ಳಿ ತಿರುಗುತ್ತಾರೆ. ಅವರ 2024ರ ವರದಿಯಂತೆ ಹಳ್ಳಿಯ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಈ ಲೆಕ್ಕ ಬಂದವರು ಶೇ 27.6. ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4. ನಾಲ್ಕನೇ ತರಗತಿಯ ಪುಸ್ತಕ ಇವರಿಗಾಗಿ ಕಾಯುವುದಿಲ್ಲ. ಓದು ಬರುತ್ತದೆ ಅಂತಲೇ ನಂಬಿಕೊಂಡು ಸಮಾಜ, ವಿಜ್ಞಾನ ಎಲ್ಲವನ್ನೂ ಶುರುಮಾಡಿಬಿಡುತ್ತದೆ. ಗಡಿಯ ಮಕ್ಕಳ ಪಾಡು ಇನ್ನೊಂದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಆಂಧ್ರದ ಪಠ್ಯಪುಸ್ತಕ ತೆರೆದರೆ ಒಂದು ಪುಟ ಇಂಗ್ಲಿಷ್, ಎದುರು ಪುಟ ತೆಲುಗು.

ನಮ್ಮ ಹುಡುಗನಿಗೆ ಕನ್ನಡ ಅಕ್ಷರ ಕಲಿಸಿದ್ದು ತಂಗಿ, ಸಂಜೆ ಹೊತ್ತು ಸೊಪ್ಪು ಬಿಡಿಸುತ್ತಾ. ರಾತ್ರಿ ಅವನ ಕೈಗೆ ಒಂದು ಕತೆ ಪುಸ್ತಕ ಕೊಟ್ಟು ಸ್ಟಾಪ್‌ವಾಚ್ ಒತ್ತಿದೆ. ಒತ್ತಕ್ಷರ ಬಂದಲ್ಲೆಲ್ಲ ಬೆರಳಿಟ್ಟು ನಿಂತ. ನಿಮಿಷ ಮುಗಿದಾಗ 60ರ ಅರ್ಧದ ಹತ್ತಿರವೂ ಬಂದಿರಲಿಲ್ಲ. ಆದರೆ ನಗು ಬರುವ ಕಡೆ ನಕ್ಕ. ನಕ್ಕು, ಮುಂದೇನಾಗುತ್ತದೆ ನೋಡಲು ತಾನೇ ಪುಟ ತಿರುಗಿಸಿದ.

ಸರ್ಕಾರದ ಪಟ್ಟಿಯಲ್ಲಿ 60ರ ಜೊತೆಗೇ ಅರ್ಥ ತಿಳಿದು ಓದಬೇಕು ಅನ್ನುವ ಮಾತೂ ಇದೆ. ಅರವತ್ತನ್ನು ಮೊಬೈಲು ಎಣಿಸುತ್ತದೆ, ಅರ್ಥವನ್ನು ಮನೆಯವರೇ ಕೇಳಿ ತಿಳಿಯಬೇಕು. ನಿಮ್ಮ ಮನೆಯಲ್ಲೂ ಮೂರನೇ ತರಗತಿಯ ಮಗುವಿದ್ದರೆ ಕಾಗೆಗೆ ಕೊನೆಗೇನಾಯಿತು ಅಂತ ಒಮ್ಮೆ ಕೇಳಿ. ಕಳೆಯುವ ಲೆಕ್ಕ ಬಂದರೆ ಕಡಲೆಕಾಯಿ ಸುರಿದುಕೊಂಡು ಕೂತುಕೊಳ್ಳಿ. ಬ್ಯಾಂಕಿನವರನ್ನು ಮಾತ್ರ ಕರೆಯಬೇಡಿ.