ವಯೋನಿವೃತ್ತಿ ಹೊಂದುತ್ತಿರುವ ನಾಲ್ವರಿಗೆ

ಮಾನ್ಯ ಎಡಮುಂದಿನವರೇ, ಬಲಮುಂದಿನವರೇ, ಹಿಂದಿನಿಂದ ಕಾರನ್ನು ನೂಕುತ್ತ ಬಂದ ಇಬ್ಬರು ಮಹನೀಯರೇ,

ವಿಷಯ: ತಮ್ಮ ವಯೋನಿವೃತ್ತಿ ಹಾಗೂ ತೆರವಾಗುವ ನಾಲ್ಕು ಹುದ್ದೆಗಳ ಭರ್ತಿ ಕುರಿತು.

ಬರುವ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಟೈರ್ ಅಂಗಡಿಯೊಂದರಲ್ಲಿ ತಮ್ಮ ಬೀಳ್ಕೊಡುಗೆ ಏರ್ಪಾಡಾಗಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಇರುವುದಿಲ್ಲ. ಅಧ್ಯಕ್ಷರ ಭಾಷಣವೂ ಇಲ್ಲ. ಕಾರು ಮೇಲೇಳುತ್ತದೆ, ತಾವು ಕೆಳಗಿಳಿಯುತ್ತೀರಿ, ಅಷ್ಟೆ. ಇದನ್ನು ನಮ್ಮನಮ್ಮಲ್ಲೇ ಮುಗಿಸಿಕೊಳ್ಳಬಹುದಿತ್ತು. ಆದರೆ ‘ಅಷ್ಟು ಚೆನ್ನಾಗಿರೋ ಟೈರನ್ನ ಯಾಕೆ ಬಿಸಾಕ್ತೀರಿ’ ಎಂಬ ಆಕ್ಷೇಪಣೆ ಮನೆಯಲ್ಲಿ, ಗೆಳೆಯರಲ್ಲಿ, ಹಾಸನದಿಂದ ಬರುವ ಅಪ್ಪನ ಫೋನಿನಲ್ಲಿ ಎದ್ದಿರುವ ಕಾರಣ ಬಹಿರಂಗವಾಗಿಯೇ ಬರೆಯಬೇಕಾಯಿತು.

ಮೊದಲೇ ಹೇಳಿಬಿಡುತ್ತೇನೆ, ತಮ್ಮ ಮೇಲೆ ಆರೋಪವಿಲ್ಲ, ಇಲಾಖಾ ವಿಚಾರಣೆಯೂ ಇಲ್ಲ. ತಮ್ಮ ಮೈಮೇಲೆ ಇನ್ನೂ ಆರು ಮಿಲಿಮೀಟರ್ ಟ್ರೆಡ್, ಅಂದರೆ ಗೆರೆಗಳ ಆಳ, ಉಳಿದಿದೆ. ಹುಟ್ಟಿದಾಗ ಇದ್ದದ್ದೇ ಎಂಟರ ಆಸುಪಾಸು. ಈ ದೇಶದಲ್ಲಿ ಟೈರಿನ ಆರೋಗ್ಯ ತಪಾಸಣೆಗೆ ಒಂದು ಸೆಂಟಿನ ನಾಣ್ಯ ಸಾಕು. ನಾಣ್ಯವನ್ನು ತಲೆಕೆಳಗಾಗಿ ಗೆರೆಯೊಳಗೆ ಇಳಿಸಬೇಕು. ಅಬ್ರಹಾಂ ಲಿಂಕನ್ನರ ತಲೆ ಪೂರ್ತಿ ಕಂಡರೆ ಟ್ರೆಡ್ 1.6 ಮಿಲಿಮೀಟರಿಗೆ ಬಂದಿದೆ, ಟೈರಿನ ಕತೆ ಮುಗಿದಿದೆ ಎಂದರ್ಥ. ತಮ್ಮಲ್ಲಿ ಲಿಂಕನ್ನರು ಹುಬ್ಬಿನವರೆಗೆ ಮುಳುಗಿ ಮಾಯವಾದರು. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಅಪ್ಪ, ‘ಏನೋ, ಗ್ರಿಪ್ ಅಷ್ಟಿದೆ ಅಂತೀಯ, ತೆಗೆಸ್ತೀನಿ ಅಂತೀಯ! ನಮ್ಮ ಡಿಪೋದಲ್ಲಾಗಿದ್ರೆ ಎರಡು ಸಲ ರೀಟ್ರೆಡ್ ಮಾಡಿಸಿ ಓಡಿಸ್ತಿದ್ವಿ’ ಅಂದರು. ಅಪ್ಪ ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರ ಬಾಯಲ್ಲಿ ಬಂದ ಆ ‘ಗ್ರಿಪ್’ ಎಂಬ ಪದವೇ ನಮ್ಮ ಕಡೆಯ ಎಲ್ಲ ಟೈರ್ ಗೊಂದಲಗಳ ಮೂಲ ಎಂದು ನನಗೀಗ ಅನ್ನಿಸಿದೆ. ನಾವು ಟೈರಿನ ಮೇಲಿನ ಗೆರೆಗಳನ್ನೇ ಗ್ರಿಪ್ ಅನ್ನುತ್ತೇವೆ. ಗೆರೆಯಿದ್ದರೆ ಗ್ರಿಪ್ ಇದೆ, ಬೋಳಾದರೆ ಗ್ರಿಪ್ ಹೋಯಿತು. ಗೆರೆಗಳ ಕೆಲಸ ಮಳೆನೀರನ್ನು ಹೊರಗೆ ದೂಡುವುದು. ರಸ್ತೆ ಹಿಡಿಯುವುದು ರಬ್ಬರು. ತಮ್ಮಲ್ಲಿ ಗೆರೆ ಇದೆ, ರಬ್ಬರು ರಾಜೀನಾಮೆ ಕೊಟ್ಟು ಬಹಳ ದಿನವಾಗಿದೆ.

ತಮ್ಮ ಜನ್ಮದಿನಾಂಕ ಪತ್ತೆ ಮಾಡಲು ನಾನು ಪಟ್ಟ ಪಾಡನ್ನೂ ದಾಖಲಿಸಬೇಕು. ಟೈರಿನ ಪಕ್ಕದಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಹುಟ್ಟಿದ ವಾರ ಮತ್ತು ವರ್ಷ. ಈ ಸಾಲು ಪೂರ್ತಿಯಾಗಿ ಒಂದು ಪಕ್ಕದಲ್ಲಷ್ಟೇ ಇದ್ದರೂ ನಡೆಯುತ್ತದೆ. ತಮ್ಮಲ್ಲಿ ಮೂವರು ವಯಸ್ಸನ್ನು ಒಳಮುಖ ಮಾಡಿಕೊಂಡು ನಿಂತಿದ್ದಿರಿ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕಾರಿನಡಿ ಮಲಗಿ, ಜೇಡರ ಬಲೆ ಒರೆಸಿ ಓದಿದೆ: 1912. ‘ಟೈಟಾನಿಕ್ ಮುಳುಗಿದ ವರ್ಷ’ ಅಂದಳು ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಹೆಂಡತಿ. ಅಲ್ಲ, 2012ರ ಹತ್ತೊಂಬತ್ತನೇ ವಾರ. ಮುಳುಗುವ ವಿಷಯದಲ್ಲಿ ಅವಳು ಹೇಳಿದ್ದು ಪೂರ್ತಿ ತಪ್ಪೇನಲ್ಲ. ತಾವು ಹನ್ನೆರಡು ದಾಟಿದ್ದೀರಿ. ಟೈರಿನ ಲೋಕದಲ್ಲಿ ಆರು ವರ್ಷಕ್ಕೇ ಅನುಮಾನ ಶುರು, ಹತ್ತಕ್ಕೆ ಕಡ್ಡಾಯ ನಿವೃತ್ತಿ. ಕಾರು ಮತ್ತು ಟೈರು ತಯಾರಿಸುವ ಎಷ್ಟೋ ಕಂಪನಿಗಳು ಟ್ರೆಡ್ ಎಷ್ಟೇ ಉಳಿದಿರಲಿ ಈ ವಯಸ್ಸಿನ ಲೆಕ್ಕವನ್ನೇ ಹೇಳುತ್ತವೆ.

ತಮ್ಮ ಸೇವಾ ಪುಸ್ತಕವನ್ನು ತಿರುವಿ ಹಾಕಿದರೆ ಕೆಲಸಕ್ಕಿಂತ ವಿಶ್ರಾಂತಿಯ ಪುಟಗಳೇ ಹೆಚ್ಚು. ತಾವು ಹೊತ್ತದ್ದು 1990ರ ಮಾಜ್ದಾ ಮಿಯಾಟಾ. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಎರಡೇ ಸೀಟಿನ, ಕಣ್ಣು ಎತ್ತಿ ಇಳಿಸುವ ದೀಪಗಳ ಪುಟ್ಟ ಕಾರು. ತೂಕ ಒಂದು ಟನ್ನಿಗೆ ತುಸು ಕಡಿಮೆ, ಎಂಜಿನ್ನಿನ ಶಕ್ತಿ 116 ಕುದುರೆ. ಇಂಥ ಕಾರನ್ನು ದಿನಾ ಆಫೀಸಿಗೆ ಒಯ್ಯುವವರುಂಟೆ? ಭಾನುವಾರ ಹೊರಗೆ, ಉಳಿದ ಆರು ದಿನ ಗ್ಯಾರೇಜಿನ ನೆರಳಲ್ಲಿ. ವರ್ಷಕ್ಕೆ ಎರಡು ಸಾವಿರ ಮೈಲಿಯೂ ಆಗಲಿಲ್ಲ. ಕಡತವೇ ಬಾರದ ಇಲಾಖೆಯಲ್ಲಿ ಕುಳಿತ ಅಧಿಕಾರಿಯಂತೆ ಸವೆಯದೆ ಉಳಿದಿರಿ, ಮುದಿಯಾದಿರಿ. ಟೈರಿನೊಳಗೆ ಮೇಣದಂಥ ರಕ್ಷಕ ಪದಾರ್ಥಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ, ಮಡಿಚಿ, ಬಿಸಿಯಾದಾಗ ಅವು ಮೇಲ್ಮೈಗೆ ಒಸರಿ ಓಜೋನಿನಿಂದ ಕಾಪಾಡುತ್ತವೆ. ನಿಂತಲ್ಲೇ ನಿಂತರೆ ಒಸರುವುದೂ ಕಡಿಮೆ. ಆಮ್ಲಜನಕ ಮಾತ್ರ ರಜೆ ಹಾಕದೆ ಒಳಹೊಕ್ಕು ರಬ್ಬರನ್ನು ಗಟ್ಟಿ ಮಾಡುತ್ತಲೇ ಇರುತ್ತದೆ. ಈ ವಿವರ ಹೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಂತ ಗಾಡಿಯ ಟೈರಾ? ಮೊದಲೇ ಹೇಳಬಾರದಾ. ಹಂಗಾದ್ರೆ ತೆಗೆಸು’ ಅಂದರು. ಮೂವತ್ತು ವರ್ಷ ಡಿಪೋದಲ್ಲಿ ಬಗ್ಗಿದವರಿಗೆ ರಸಾಯನಶಾಸ್ತ್ರ ಬೇಕಾಗುವುದಿಲ್ಲ.

ಈಗ ತಮ್ಮ ನಿವೃತ್ತಿಗೆ ಕಾರಣವಾದ ಪ್ರಸಂಗ. ಕಳೆದ ಚಳಿಗಾಲ, ಸಾರಟೋಗಾದಿಂದ ಹೆದ್ದಾರಿ 9ರಲ್ಲಿ ಮೇಲೇರುತ್ತಿದ್ದೆ. ಶಿರಾಡಿಯನ್ನು ನೆನಪಿಸುವ ತಿರುವುಗಳು, ಮರಗಳ ನೆರಳಲ್ಲಿ ಹತ್ತು ಗಂಟೆಯಾದರೂ ಆರದ ರಸ್ತೆ. ವೇಗ ಗಂಟೆಗೆ ಮೂವತ್ತು ಮೈಲಿ, ಅಂದರೆ ನಮ್ಮಜ್ಜಿ ಪಕ್ಕದಲ್ಲಿ ಕೂತು ಜಪ ಮುಂದುವರಿಸಬಹುದಾದ ವೇಗ. ತಿರುವಿನ ನಡುವೆ ಹಿಂದಿನ ಇಬ್ಬರು ಮಹನೀಯರು ಮುನ್ಸೂಚನೆಯಿಲ್ಲದೆ ಎಡಕ್ಕೆ ಹೊರಟಿರಿ. ಸ್ಟೀರಿಂಗ್ ಎದುರಿಗೆ ತಿರುಗಿಸಿ ಸಾವರಿಸಿಕೊಂಡೆ. ಎದುರಿಂದ ಯಾರೂ ಬರುತ್ತಿರಲಿಲ್ಲವಾದ್ದರಿಂದ ಈ ಪತ್ರ ಬರೆಯಲು ಉಳಿದಿದ್ದೇನೆ. ಆಗ ದೋಷ ಹೊರಿಸಿದ್ದು ಉದುರಿದ ಎಲೆಗಳ ಮೇಲೆ. ಮೂರು ವಾರದ ನಂತರ ಬಲಹಿಂದಿನವರಿಗೆ ಮೊಳೆ ಚುಚ್ಚಿ ಪಂಕ್ಚರ್ ಹಾಕಿಸಲು ಹೋದಾಗ, ಅಂಗಡಿಯ ಹುಡುಗ ಮೊಳೆಯನ್ನು ನೋಡುವ ಬದಲು ಆ ನಾಲ್ಕು ಅಂಕಿಗಳನ್ನು ನೋಡಿದ. ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿದ, ಗುರುತೇ ಬೀಳಲಿಲ್ಲ. ಪಕ್ಕದ ಗೋಡೆಯನ್ನು ಬೆರಳಿನಿಂದ ಅಗಲಿಸಿ ತೋರಿಸಿದ. ಬೇಸಗೆಯ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ‘ಇದಕ್ಕೆ ಪಂಕ್ಚರ್ ಹಾಕಲ್ಲ ಸರ್’ ಎಂದ. ತಮ್ಮ ನಿವೃತ್ತಿಯ ಆದೇಶ ಹೊರಬಿದ್ದದ್ದು ಹೀಗೆ.

ಹಿಂದಿನ ಇಬ್ಬರನ್ನಷ್ಟೇ ಕಳಿಸಿ, ಮುಂದಿನವರನ್ನು ಸೇವೆಯಲ್ಲಿ ಮುಂದುವರಿಸಬಹುದಲ್ಲ ಎಂಬ ಮನವಿ ಮನೆಯ ಹಣಕಾಸು ಇಲಾಖೆಯಿಂದ ಬಂತು. ನಾಲ್ವರದೂ ಒಂದೇ ವಾರದ ಹುಟ್ಟು. ಹಿಂದೆ ಹೊಸದು, ಮುಂದೆ ಕಲ್ಲು ಎಂದರೆ ಕಾರು ತಿರುವಿನಲ್ಲಿ ನೇರ ಹೋಗುತ್ತದೆ. ಮನವಿಯನ್ನು ತಿರಸ್ಕರಿಸಲಾಯಿತು.

ಖಾಲಿ ಹುದ್ದೆಗಳಿಗೆ ಅರ್ಜಿ ಕರೆದಾಗ ಗೊತ್ತಾಯಿತು, ತಮ್ಮ ವಂಶವೇ ಕ್ಷೀಣಿಸಿದೆ. ತಮ್ಮ ಅಳತೆ 185/60 ಆರ್ 14. ಒಂದು ಕಾಲಕ್ಕೆ ಇದು ಮಾಮೂಲು ಅಳತೆ. ಈಗ ಇಲ್ಲಿ ಕಾರುಗಳೆಲ್ಲ ಊದಿಕೊಂಡು ಚಕ್ರಗಳು ಹದಿನೆಂಟು, ಇಪ್ಪತ್ತು ಇಂಚಿಗೆ ಏರಿವೆ. ಊರಲ್ಲಿ ಮಾರುತಿ ಕಾರುಗಳಿಗೆ ಹದಿನಾಲ್ಕು ಇಂಚು ಇನ್ನೂ ಗೌರವದ ಅಳತೆ. ಇಲ್ಲಿ ಹೇಳಿದರೆ ಅಂಗಡಿಯವನು ‘ಟ್ರೇಲರಿಗಾ?’ ಎಂದು ಕೇಳುತ್ತಾನೆ. ಹದಿನಾಲ್ಕು ಇಂಚಿನ ಸ್ಪೋರ್ಟ್ಸ್ ಟೈರು ಸಿಗುವುದೇ ಇಲ್ಲ ಅಂತಲ್ಲ. ಫೆರಾರಿ 308ರ ಒಡೆಯರಾಗಿದ್ದರೆ ಆ ಕಾಲದ 205/70 ಅಳತೆಯ ಎಕ್ಸ್‌ಡಬ್ಲ್ಯುಎಕ್ಸ್ ಟೈರನ್ನು ಮಿಶಲಿನ್ ಇವತ್ತಿಗೂ ಮಾಡಿಕೊಡುತ್ತದೆ. ಹಳೆಯ ಪೋರ್ಶೆಗಳಿಗೂ ‘ಎನ್’ ಮುದ್ರೆ ಒತ್ತಿದ ಟೈರುಗಳಿವೆ. ಮುಪ್ಪಿನಲ್ಲಿ ನೋಡಿಕೊಳ್ಳುವವರು ಬೇಕಾದರೆ ಹುಟ್ಟುವಾಗಲೇ ಶ್ರೀಮಂತರ ಮನೆಯಲ್ಲಿ ಹುಟ್ಟಬೇಕು.

ಇಲ್ಲಿ ನನ್ನ ಮೈಸೂರಿನ ಗೆಳೆಯರೊಬ್ಬರ ಪ್ರವೇಶ. ಅವರದು ಒಂದೇ ಶಿಫಾರಸು: ‘ಹದಿನೈದು ಇಂಚಿನ ಚಕ್ರ ಹಾಕ್ಸಿ, 200ರ ಟೈರ್ ಹಾಕ್ಸಿ, ಆಮೇಲೆ ನೋಡಿ ಕಾರು ಅಂದ್ರೆ ಏನು ಅಂತ.’ ಚಕ್ರದ ಮಾತಿನಲ್ಲಿ ಹುರುಳಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದೆ. ತಮ್ಮ ಪೂರ್ತಿ ವ್ಯಾಸ 577.6 ಮಿಲಿಮೀಟರ್. 195/50 ಆರ್ 15ರದ್ದು 576. ಒಂದೂವರೆ ಮಿಲಿಮೀಟರಿನ ವ್ಯತ್ಯಾಸವನ್ನು ಸ್ಪೀಡೋಮೀಟರು ಗಮನಿಸುವುದೂ ಇಲ್ಲ. ಒಳ್ಳೊಳ್ಳೆಯ ಟೈರುಗಳೆಲ್ಲ ಹದಿನೈದರಲ್ಲೇ ಇವೆ. ಹಳೆಯ ಮಿಯಾಟಾ ಇಟ್ಟುಕೊಂಡ ಬಹಳ ಜನ ಈ ದಾರಿ ಹಿಡಿದಿದ್ದಾರೆ, ಅವರನ್ನು ತಪ್ಪು ಅನ್ನುವ ಹಾಗಿಲ್ಲ.

200ರ ಕತೆ ಬೇರೆ. ಅಮೆರಿಕದಲ್ಲಿ ಮಾರುವ ಕಾರಿನ ಟೈರುಗಳಿಗೆ ಟ್ರೆಡ್‌ವೇರ್ ಎಂಬ ಅಂಕವಿರುತ್ತದೆ. ಪಶ್ಚಿಮ ಟೆಕ್ಸಸ್ಸಿನ ರಸ್ತೆಗಳಲ್ಲಿ ಕಾರುಗಳ ಮೆರವಣಿಗೆ ಹೊರಡಿಸಿ, 7,200 ಮೈಲಿ ಓಡಿಸಿ, ಎಷ್ಟು ಸವೆಯಿತೆಂದು ಒಂದು ಮಾದರಿ ಟೈರಿನ ಜೊತೆ ಹೋಲಿಸಿ, ಉಳಿದ ಆಯುಷ್ಯವನ್ನು ಊಹಿಸಿ ಅಂಕ ಹಾಕುವುದು ಕ್ರಮ. ಅಂಕ ಹಾಕಿಕೊಳ್ಳುವುದು ಸರ್ಕಾರವಲ್ಲ, ಟೈರಿನ ಕಂಪನಿಯೇ. ಉತ್ತರಪತ್ರಿಕೆಯನ್ನು ಪರೀಕ್ಷೆ ಬರೆದವನೇ ತಿದ್ದಿದಂತೆ. ಆದ್ದರಿಂದ ಒಂದು ಕಂಪನಿಯ 400 ಇನ್ನೊಂದರ 400ಕ್ಕೆ ಸಮವೆಂದು ನಂಬಬೇಕಾಗಿಲ್ಲ. ಆದರೂ ಕಡಿಮೆ ಅಂಕ ಎಂದರೆ ಸಾಮಾನ್ಯವಾಗಿ ಮೆತ್ತನೆಯ, ಅಂಟುವ, ಬೇಗ ಸವೆಯುವ ರಬ್ಬರು. ಮೈದಾನದಲ್ಲಿ ಕೋನ್‌ಗಳ ನಡುವೆ ಗಡಿಯಾರ ಹಿಡಿದು ಓಡಿಸುವ ಸ್ಪರ್ಧೆಗಳಲ್ಲಿ ಬೀದಿ ಕಾರುಗಳ ವರ್ಗಕ್ಕೆ 200 ಕನಿಷ್ಠ ಮಿತಿ. ಗೆಳೆಯರ ಟೈರು ಹುಟ್ಟಿದ್ದು ಆ ಮಿತಿಗಾಗಿ. ಬಿಸಿಯಾಗುವ ತನಕ ಅದಕ್ಕೆ ಮನಸ್ಸಿಲ್ಲ. ನಾನು ಹೋಗುವುದು ಜನವರಿಯ ಬೆಳಿಗ್ಗೆ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆಯ ಕಡೆ. ಅಲ್ಲಿ ಎಷ್ಟೋ ದಿನ ತಾಪ ಏಳು ಡಿಗ್ರಿಯ ಕೆಳಗೇ ಇರುತ್ತದೆ. ಬೇಸಗೆಯ ಟೈರುಗಳು ಬಿರುಸಾಗಲು ಶುರುವಾಗುವುದೂ ಆ ಸುಮಾರಿನಲ್ಲೇ.

ಇನ್ನೂ ಒಂದು ಕಾರಣ, ಇದು ನನ್ನ ಖಾಸಗಿ ಮೊಂಡುತನ. ಈ ಕಾರನ್ನು ಮಾಡಿದವರು ‘ಜಿನ್ಬಾ ಇತ್ತೈ’ ಎಂಬ ಜಪಾನಿ ಮಾತನ್ನು ಎದುರಿಗಿಟ್ಟುಕೊಂಡಿದ್ದರು. ಕುದುರೆ, ಸವಾರ ಒಂದೇ ಜೀವ ಎಂಬ ಅರ್ಥ. ಬಾಗಿಲ ಪಕ್ಕದ ಚೀಟಿಯಲ್ಲಿ ಗಾಳಿ 26 ಪಿ.ಎಸ್.ಐ. ಎಂದಿದೆ. ಆ ಒತ್ತಡದಲ್ಲಿ ತಾವು ಒಬ್ಬೊಬ್ಬರೂ ನೆಲಕ್ಕೆ ತಾಗಿಸುವ ಜಾಗ ಲೆಕ್ಕದ ಪ್ರಕಾರ 135 ಚದರ ಸೆಂಟಿಮೀಟರಿನ ಆಸುಪಾಸು, ನಮ್ಮ ಅಂಚೆ ಕಾರ್ಡಿಗಿಂತ ಚೂರು ದೊಡ್ಡದು. ಕಾರು ಬರೆಯುವ ಸುದ್ದಿಯೆಲ್ಲ ಆ ನಾಲ್ಕು ಕಾರ್ಡುಗಳಲ್ಲೇ ಬರಬೇಕು. ಹದವಾದ ಟೈರಿದ್ದರೆ ಜಾರುವ ಮುಂಚೆ ಕಾರು ಒಂದು ಮಾತು ಹೇಳುತ್ತದೆ, ಸಾಧಾರಣ ವೇಗದಲ್ಲೇ ಹೇಳುತ್ತದೆ. ಗೋಂದಿನಂತೆ ಅಂಟುವ ಟೈರು ಹಾಕಿದರೆ ಆ ಮಾತು ಕೇಳಿಸಲು ಪೊಲೀಸರು ಒಪ್ಪದ ವೇಗ ಬೇಕು. 116 ಕುದುರೆಯ ಗಾಡಿಗೆ ಅಷ್ಟು ಗಟ್ಟಿ ಲಾಳ ಯಾಕೆ?

ಆದಕಾರಣ ನೇಮಕಾತಿ ಸಮಿತಿಯು (ನಾನೊಬ್ಬನೇ) ಹಳೆಯ ಏಳು ಕಡ್ಡಿಯ ಚಕ್ರಗಳನ್ನೇ ಉಳಿಸಿಕೊಂಡು, ಅದೇ 185/60 ಆರ್ 14ರಲ್ಲಿ, ಎಲ್ಲ ಋತುಗಳಿಗೆ ಆಗುವ ಸಾದಾ ಟೈರುಗಳನ್ನು ಆರಿಸಿದೆ. ಕಂಪನಿಯ ಹೆಸರು ಬರೆಯುವುದಿಲ್ಲ, ಇದು ಜಾಹೀರಾತಲ್ಲ. 82 ಎಚ್ ಎಂಬ ಅರ್ಹತೆಯಲ್ಲಿ ಮಾತ್ರ ರಿಯಾಯಿತಿ ಕೊಡಲಿಲ್ಲ. 82 ಅಂದರೆ ಒಬ್ಬೊಬ್ಬರು 475 ಕಿಲೋ ಹೊರಬಲ್ಲರು, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ತಾಳಬಲ್ಲರು. ಆ ವೇಗ ಕಾರಿನ ಕೈಯಲ್ಲೇ ಆಗದು, ಆದರೂ ನೇಮಕಾತಿ ನಿಯಮ ನಿಯಮವೇ. ಗೆಳೆಯರು ‘ಸೊಸೈಟಿ ಅಕ್ಕಿ ತಂದ್ರಿ’ ಎಂದು ಛೇಡಿಸಿದರು. ತಾಜಾ ಸೊಸೈಟಿ ಅಕ್ಕಿ ಮುಗ್ಗಿದ ಬಾಸುಮತಿಗಿಂತ ವಾಸಿ ಅಂದೆ.

ತಾಜಾ ಎಂದೆನಲ್ಲ, ಬಂದ ನಾಲ್ವರಲ್ಲಿ ಮೂವರು ಈಚಿನವರು, ನಾಲ್ಕನೆಯವನು ಎರಡೂವರೆ ವರ್ಷ ಗೋದಾಮಿನಲ್ಲಿ ಮಲಗಿದ್ದವನು. ಅವನನ್ನು ಹಿಂದಕ್ಕೆ ಕಳಿಸಿದ್ದರಿಂದ ತಮ್ಮ ಸೇವೆ ಹತ್ತು ದಿನ ವಿಸ್ತರಣೆಯಾಯಿತು. ಹೊಸಬರಿಗೂ ಮೊದಲ ಕೆಲವು ನೂರು ಮೈಲಿ ಪ್ರೊಬೇಷನ್ ಉಂಟು. ಅಚ್ಚಿನಿಂದ ಬಿಡಿಸಲು ಸವರಿದ ಜಾರುವ ಪದಾರ್ಥ ಮೈಮೇಲಿರುವ ತನಕ ತಿರುವುಗಳಲ್ಲಿ ಮೆಲ್ಲಗೆ.

ತಮಗೆ ಪಿಂಚಣಿ ಇಲ್ಲ. ಪ್ರತಿ ಹೊಸ ಟೈರಿಗೆ ಕ್ಯಾಲಿಫೋರ್ನಿಯಾ ಸರ್ಕಾರ 1.75 ಡಾಲರ್ ಶುಲ್ಕ ಹಿಡಿಯುತ್ತದೆ. ಅದರಲ್ಲೊಂದು ಪಾಲು ಹಳೆಯ ಟೈರುಗಳ ಉತ್ತರಕ್ರಿಯೆಯ ನಿಧಿಗೆ. ತಮ್ಮನ್ನು ಯಾರಾದರೂ ‘ಚೆನ್ನಾಗಿದೆ’ ಎಂದು ಕೊಂಡು ಇನ್ನೊಂದು ಕಾರಿಗೆ ಹಾಕದಂತೆ ನೋಡಿಕೊಳ್ಳಲು ಅಂಗಡಿಯವರಿಗೆ ಹೇಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕಾರಿನ ಮಾಲೀಕ

ತಾ.ಕ.: ಪತ್ರ ಮುಗಿಸಿ, ಜಾಕಿ ಇದೆಯೇ ಎಂದು ಡಿಕ್ಕಿ ತೆರೆದಾಗ ಸ್ಟೆಪ್ನಿಯವರ ದರ್ಶನವಾಯಿತು. ಅವರ ಮೈಮೇಲೆ ಮೂರೇ ಅಂಕಿ, 240. 2000ಕ್ಕೆ ಮುಂಚೆ ವರ್ಷಕ್ಕೆ ಒಂದೇ ಅಂಕಿ ಕೊಡುತ್ತಿದ್ದರು. ಹಾಗಾಗಿ ಇವರು 1990ರ ಇಪ್ಪತ್ತನಾಲ್ಕನೇ ವಾರದವರು, ಕಾರಿನ ಜೊತೆಯಲ್ಲೇ ಬಂದವರು. ಗಾಳಿ 60 ಪಿ.ಎಸ್.ಐ. ಇರಬೇಕಾದಲ್ಲಿ 22 ಇತ್ತು. ಇವರು ಇವತ್ತಿನ ತನಕ ಒಮ್ಮೆಯೂ ನೆಲ ಮುಟ್ಟಿಲ್ಲ. ಓದುಗರು ತಮ್ಮ ಡಿಕ್ಕಿಯನ್ನೂ ಒಮ್ಮೆ ತೆರೆದು ನೋಡಬೇಕಾಗಿ ವಿನಂತಿ.